ಮನೆಯ ಮಿಷನ್ನಿನಲ್ಲೇ ಹಳೇ ಜೀನ್ಸಿನ ಚೀಲ: ನನ್ನ ಅನುಭವ

ಜೀನ್ಸ್ ಹೊಲಿಯಲು ಮನೆಯ ಮಿಷನ್ನಿಗೆ ಆಗುವುದಿಲ್ಲ, ಸೂಜಿ ಉಳಿಯುವುದಿಲ್ಲ, ಕೊನೆಗೆ ಮಿಷನ್ನೇ ಕೆಡುತ್ತದೆ ಅಂದವರೇ ಹೆಚ್ಚು. ಆದರೆ ಅದೇ ಮನೆಯ ಮಿಷನ್ನಿನಲ್ಲಿ ನಾನು ಇಲ್ಲಿಯವರೆಗೆ 11 ಚೀಲ ಹೊಲಿದಾಯಿತು. ಕೊನೆಯ 7ರಲ್ಲಿ ಒಂದು ಸೂಜಿಯೂ ಮುರಿದಿಲ್ಲ. ಮೊದಲ 4ರಲ್ಲಿ ಮಾತ್ರ 14–15 ಹೋದವು. ಆ ಸೂಜಿಗಳಿಗೆ ಕೊಟ್ಟ ದುಡ್ಡಿಗೆ ಒಂದು ಗಟ್ಟಿ ಚೀಲವೇ ಬರುತ್ತಿತ್ತು.

ಮೋಟಾರಿಗೆ ಬಲ ಸಾಲದು ಎಂದೇ ನಾನೂ ನಂಬಿದ್ದೆ. ಆದರೆ ಒಂದೇ ಸಮ ಇರುವ 4 ಪದರವನ್ನು ಇದೇ ಮಿಷನ್ ಸಲೀಸಾಗಿ ಹೊಲಿಯುತ್ತದೆ. ಎಡವುವುದು 2 ಪದರದಿಂದ 6–8 ಪದರಕ್ಕೆ ಹತ್ತುವ ದಿಬ್ಬದಂಥ ಜಾಗದಲ್ಲಿ. ಅಲ್ಲಿ ಫೂಟಿನ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ) ಮೂತಿ ಮೇಲೇಳುತ್ತದೆ, ಹಿಂದಿನ ತುದಿ ಕೆಳಗೇ ಉಳಿಯುತ್ತದೆ, ಬಟ್ಟೆ ಮುಂದೆ ಸರಿಯದೆ ನಿಂತಲ್ಲೇ ಹೊಲಿಗೆ ಬೀಳುತ್ತದೆ. ನಾವು ಅವಸರಕ್ಕೆ ಕೈಯಿಂದ ಎಳೆಯುತ್ತೇವೆ. ಸೂಜಿ ಬಾಗಿ ಕೆಳಗಿನ ತಟ್ಟೆಗೆ ಬಡಿಯುವುದು ಆಗಲೇ.

ಇದಕ್ಕೆ ಬೇಕಾದದ್ದು ಅದೇ ಜೀನ್ಸಿನ ಒಂದು ಚೂರು. 3 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ದಿಬ್ಬದಷ್ಟೇ ದಪ್ಪ ಬರುವವರೆಗೆ ಮಡಿಸಿ, ಕೈಹೊಲಿಗೆ ಹಾಕಿ ಇಟ್ಟುಕೊಳ್ಳಿ. ದಿಬ್ಬ ಹತ್ತುವಾಗ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ, ಫೂಟ್ ಎತ್ತಿ, ಚೂರನ್ನು ಅದರ ಹಿಂದಿನ ತುದಿಯ ಕೆಳಗೆ ತೂರಿಸಿ, ಫೂಟ್ ಇಳಿಸಿ. ಈಗ ಫೂಟ್ ಮಟ್ಟಸವಾಗಿ ಕೂರುತ್ತದೆ. ದಿಬ್ಬ ಇಳಿಯುವಾಗ ಚೂರು ಮುಂದಿನ ತುದಿಯ ಕೆಳಗೆ ಬರಬೇಕು. ಇಳಿಯುವಾಗ ಚೂರು ಬೇಡವೆಂದು ಬಿಟ್ಟಿದ್ದಕ್ಕೇ ನನ್ನ ಮೂರನೆಯ ಚೀಲದ ತುಂಬ ಹೊಲಿಗೆ ಹಾರಿತ್ತು. ದಿಬ್ಬದ ಮೇಲಿನ 5–6 ಹೊಲಿಗೆಗಳಿಗೆ ಪೆಡಲ್ ಮುಟ್ಟಬೇಡಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಅದಕ್ಕೂ ಮೊದಲು ದಿಬ್ಬವನ್ನು ಸುತ್ತಿಗೆಯಿಂದ ಬಡಿದುಬಿಡಿ. ಕೆಳಗೆ ಮರದ ಹಲಗೆ, ಮೇಲೆ ಒಂದು ಹಳೇ ಬಟ್ಟೆ, 15–20 ಏಟು. ದಪ್ಪ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ನೀರು ಚಿಮುಕಿಸಿ ಇಸ್ತ್ರಿ ಒತ್ತಿ, ಬಿಸಿ ಇರುವಾಗಲೇ ಬಡಿದರೆ ಇನ್ನೂ ಒಳ್ಳೆಯದು.

ಸೂಜಿ 16ನೇ ನಂಬರಿನ ಜೀನ್ಸ್ ಸೂಜಿಯೇ ಆಗಬೇಕು. ಸಾಮಾನ್ಯ 14 ಹಾಕಿದರೆ ದಿಬ್ಬದಲ್ಲಿ ಓರೆಯಾಗುತ್ತದೆ. 2 ಚೀಲಕ್ಕೊಮ್ಮೆ ಬದಲಾಯಿಸುತ್ತೇನೆ. ಮೊನೆ ಮೊಂಡಾದರೆ ಬಟ್ಟೆ ಚುಚ್ಚುವಾಗ ಟಪ್ ಟಪ್ ಅನ್ನುತ್ತದೆ, ಕಿವಿಗೆ ಗೊತ್ತಾಗುತ್ತದೆ. ದಾರ ಪಾಲಿಯೆಸ್ಟರ್, ಹೊಲಿಗೆಯ ಉದ್ದ 3.5 ಮಿ.ಮೀ. ಮೇಲಿಂದ ಕಾಣುವ ದಪ್ಪ ಹೊಲಿಗೆಗೆಂದು ಬೇರೆ ದಾರ ಕೊಂಡು ದುಡ್ಡು ಕಳೆದೆ. ಸಾಮಾನ್ಯ ದಾರದ ಎರಡು ಎಳೆಯನ್ನು ಒಂದೇ ಸೂಜಿಗೆ ಪೋಣಿಸಿದರೆ ಅದೇ ಅಂದ ಬರುತ್ತದೆ. ಬಾಬಿನ್ನಿಗೆ (ಕೆಳಗಿನ ದಾರದ ಉರುಳೆಗೆ) ಒಂದೇ ಎಳೆ ಸಾಕು. ಎಲ್ಲ ಸೇರಿ ಚೀಲಕ್ಕೆ 30 ಮೀಟರ್ ಆಸುಪಾಸು ದಾರ. ಖರ್ಚು ಅಂತ ಆಗುವುದು ಇದು ಮತ್ತು ಅರ್ಧ ಸೂಜಿ.

ಕತ್ತರಿಸುವುದು ನಿಮಗೆ ಗೊತ್ತಿರುವುದೇ. ಕಾಲಿನ ಮೇಲ್ಭಾಗದಿಂದ 42 ಅಗಲ, 47 ಸೆಂ.ಮೀ. ಎತ್ತರದ 2 ತುಂಡು. ಕಾಲಿನ ಒಳಬದಿಯ ಡಬಲ್ ಹೊಲಿಗೆಯನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ಅಲ್ಲಿಂದಲೇ ಬಿಡಿಸಿ ಹರಡಿಕೊಳ್ಳಿ. ಮಂಡಿಯ ಭಾಗ ಸವೆದಿರುತ್ತದೆ, ಅದು ಚೀಲದ ತಳಕ್ಕೆ ಬರದಂತೆ ನೋಡಿಕೊಳ್ಳಿ. ಬದಿ ಮತ್ತು ತಳಕ್ಕೆ 1.5 ಸೆಂ.ಮೀ. ಬಿಟ್ಟು ಹೊಲಿದು, ಮೂಲೆಯನ್ನು ತ್ರಿಕೋನವಾಗಿ ಹಿಡಿದು, ತುದಿಯಿಂದ 5 ಸೆಂ.ಮೀ. ಒಳಗೆ ಅಡ್ಡಗೆರೆ ಎಳೆಯಿರಿ. ಗೆರೆ 10 ಸೆಂ.ಮೀ. ಬಂದರೆ ಲೆಕ್ಕ ಸರಿ, ತಳದ ಅಗಲವೂ ಅಷ್ಟೇ. ಆ ಗೆರೆಯ ಮೇಲೆ ಹೊಲಿಯಬೇಕು. ಅದರ ನಡುವೆ ಬದಿಯ ಮತ್ತು ತಳದ ಹೊಲಿಗೆ ಕೂಡುತ್ತವಲ್ಲ, ಅಲ್ಲಿ ಒಂದರ ಅಂಚನ್ನು ಎಡಕ್ಕೂ ಇನ್ನೊಂದರದ್ದನ್ನು ಬಲಕ್ಕೂ ಮಲಗಿಸಿ. ಎರಡೂ ಒಂದರ ಮೇಲೊಂದು ಕೂತರೆ ಸುತ್ತಿಗೆಯೂ ಸೋಲುತ್ತದೆ.

ಹಿಡಿಕೆಯಲ್ಲೇ ನಾನು ಹೆಚ್ಚು ಸೋತದ್ದು. 8 ಸೆಂ.ಮೀ. ಪಟ್ಟಿಯನ್ನು ನಾಲ್ಕು ಮಡಿಸಿ, ಮಡಿಸಿ 3 ಪದರವಾದ ಚೀಲದ ಬಾಯಂಚಿನ ಮೇಲಿಟ್ಟೆ. 7 ಪದರ, ಹಿಡಿಕೆಯ ತುದಿ ಮಡಿಸಿದ ಜಾಗದಲ್ಲಿ 11. ಯಾವ ಚೂರಿಗೂ ಬಗ್ಗಲಿಲ್ಲ. ಈಗ ಜೀನ್ಸಿನ ಒಂದೇ ಪದರ, 2.5 ಸೆಂ.ಮೀ. ಪಟ್ಟಿ, ಅದರ ಸುತ್ತ ಹಳೇ ಅಂಗಿಯ ತೆಳು ಬಟ್ಟೆ ಹೊದಿಸಿ ಎರಡೂ ಅಂಚಿಗೆ ಹೊಲಿಯುತ್ತೇನೆ. ತುದಿಯನ್ನು ಬಾಯಂಚಿನ ಮಡಿಕೆಗಿಂತ ಕೆಳಗೆ ತಂದು, ಚೌಕ ಹೊಲಿದು ನಡುವೆ ಗುಣಾಕಾರದ ಗುರುತು. 10 ಕಿಲೋ ತುಂಬಿ ರಾತ್ರಿಯಿಡೀ ನೇತುಹಾಕಿದೆ, ಒಂದು ಎಳೆಯೂ ಅಲುಗಲಿಲ್ಲ.  

ನಡುವೆ ಮೇಣವನ್ನೂ ಪರೀಕ್ಷಿಸಿದೆ. ದಿಬ್ಬದ ಮೇಲೆ ಮೇಣದಬತ್ತಿ ಉಜ್ಜಿದರೆ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಆದರೆ ಇಸ್ತ್ರಿ ತಾಗಿದಾಗ ಕಲೆ ಬೀಳುತ್ತದೆ. ಒಣ ಸೋಪು ಉಜ್ಜಿದರೂ ಸಾಕು, ಒಗೆದಾಗ ಹೋಗುತ್ತದೆ. ಹಿಗ್ಗುವ ಜೀನ್ಸ್ ಮಾತ್ರ ಚೀಲಕ್ಕೆ ಬೇಡವೇ ಬೇಡ: ಹೊಲಿಗೆ ಅಲೆ ಅಲೆಯಾಗುತ್ತದೆ, ಭಾರಕ್ಕೆ ತಳ ಜೋತುಬೀಳುತ್ತದೆ. ಅದರಲ್ಲಿ ದಿಂಬಿನ ಕವರ್ ಮಾಡಿದೆ, ಹಿಂದೆ ಎರಡು ತುಂಡು 12 ಸೆಂ.ಮೀ. ಒಂದರ ಮೇಲೊಂದು ಬರುವಂತೆ, ಜಿಪ್ಪಿಲ್ಲದೆ. ಚೆನ್ನಾಗಿಯೇ ಬಂತು.

ಒಳಗಿನ ಅಸ್ತರಿಗೆ ಅಂಗಿಯ ಜೇಬಿರುವ ಭಾಗವನ್ನೇ ಬಳಸಿ, ಜೇಬು ಪುಕ್ಕಟೆ. ಅಸ್ತರಿನ ತುಂಡು ಅರ್ಧ ಸೆಂ.ಮೀ. ಕಿರಿದಾಗಿರಲಿ, ಇಲ್ಲದಿದ್ದರೆ ಒಳಗೆ ಗುಬ್ಬೆದ್ದು ಕೈಗೆ ಸಿಕ್ಕಿಕೊಳ್ಳುತ್ತದೆ.

ಪ್ರತಿ ಚೀಲ ಮುಗಿದ ಮೇಲೆ ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ. ಬಟ್ಟೆಯನ್ನು ಸರಿಸುವ ಹಲ್ಲುಗಳ ಸಂದಿಯಲ್ಲಿ ನೀಲಿ ಜೂಲು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಬ್ರಷ್‌ನಿಂದ ಕೆರೆದು ತೆಗೆಯಬೇಕು. ಎಣ್ಣೆ ಹಾಕುವ ಮಿಷನ್ ಆಗಿದ್ದರೆ ಒಂದು ಹನಿ ಬಿಟ್ಟು, ಬೇಡದ ಬಟ್ಟೆಯ ಮೇಲೆ ಒಂದು ಮೀಟರಿನಷ್ಟು ಓಡಿಸಿ, ಆಮೇಲೆ ಮುಚ್ಚಿಡಿ.