ಕ್ಲಚ್ ಹೋಗಿದೆ ಅಂದರು, ಹರಿದಿದ್ದು ರಬ್ಬರ್

ಇನ್ನೇನು ಕಾರು ನಿಲ್ಲಬೇಕು ಅನ್ನುವಷ್ಟರಲ್ಲಿ, ಹಿಂದಿನಿಂದ ಯಾರೋ ಒದ್ದಂತೆ 'ಧಡ್' ಅನ್ನುತ್ತಿತ್ತು. ಎರಡನೇ ಗೇರಿನಿಂದ ಒಂದಕ್ಕೆ ಇಳಿಯುವ ಹೊತ್ತು ಅದು. ರಿವರ್ಸ್ ಹಾಕಿದಾಗಲೂ ಅದೇ ಸದ್ದು. ಜೊತೆಗೆ ಇನ್ನೆರಡು ಕಿರಿಕಿರಿ. ಬಿಸಿಯಾದ ಮೇಲೆ ನಿಂತಲ್ಲಿಂದ ಹೊರಟರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಮುಂದಕ್ಕೆ ಹಾರುತ್ತಿತ್ತು. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಯೋಚನೆ ಮಾಡಿ ಗೇರ್ ಇಳಿಸುತ್ತಿತ್ತು. ಗಾಡಿ ಹಳೆಯ ಸ್ಪೋರ್ಟ್ಸ್ ಕಾರು. ಏಳು ಗೇರಿನ ಡ್ಯುಯಲ್ ಕ್ಲಚ್, ಅದೂ ಆಯಿಲ್‌ನಲ್ಲಿ ಮುಳುಗಿರುವ ವೆಟ್ ಕ್ಲಚ್.

ಗ್ಯಾರೇಜಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ, "ಕ್ಲಚ್ ಪ್ಯಾಕ್ ಹೋಗಿದೆ, ಬದಲಾಯಿಸಬೇಕು" ಅಂದುಬಿಟ್ಟರು (ಕ್ಲಚ್ಚಿನ ಪ್ಲೇಟುಗಳ ಕಟ್ಟು ಅದು). ಮೂರು ಕಾಯಿಲೆಗೂ ಒಂದೇ ಔಷಧಿ! ನನಗೆ ನಂಬಿಕೆ ಬರಲಿಲ್ಲ. ಒಂದು ನೋಟ್‌ಬುಕ್ ಕಾರಿನಲ್ಲಿಟ್ಟೆ. ಯಾವ ಗೇರು, ಗಾಡಿ ತಣ್ಣಗಿತ್ತೋ ಬಿಸಿಯಿತ್ತೋ, ಕಾಲು ಯಾವ ಪೆಡಲ್ ಮೇಲಿತ್ತು, ಇಷ್ಟನ್ನೇ ಎರಡು ವಾರ ಬರೆದೆ.

ಮೊದಲು ನೋಡಿದ್ದು ಬ್ಯಾಟರಿ. ನಗಬೇಡಿ. ಈ ಗೇರ್‌ಬಾಕ್ಸನ್ನು ಆಡಿಸುವುದು ಕಂಪ್ಯೂಟರ್ ಮತ್ತು ಸೊಲೆನಾಯ್ಡ್‌ಗಳು (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್‌ಗಳು). ಕರೆಂಟ್ ಕಡಿಮೆಯಾದರೆ ಇಲ್ಲದ ರೋಗಗಳನ್ನೆಲ್ಲ ತೋರಿಸುತ್ತವೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ನನ್ನದು ರಾತ್ರಿಯಿಡೀ ನಿಂತರೆ 12.1ಕ್ಕೆ ಬರುತ್ತಿತ್ತು. ಹೊಸದು ಹಾಕಿದ ಮೇಲೆ ಆಗಾಗ ಹತ್ತುತ್ತಿದ್ದ ಗೇರ್‌ಬಾಕ್ಸ್ ಲೈಟ್ ಮತ್ತೆ ಹತ್ತಲಿಲ್ಲ. ಮೂರು ಕಿರಿಕಿರಿ ಮಾತ್ರ ಹಾಗೇ ಉಳಿದವು.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು. ಡ್ಯುಯಲ್ ಕ್ಲಚ್ ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಗೇರ್‌ಬಾಕ್ಸ್ ಇದ್ದಹಾಗೆ. ಒಂದು ಕ್ಲಚ್ 1, 3, 5, 7 ನೋಡಿಕೊಳ್ಳುತ್ತದೆ. ಇನ್ನೊಂದು 2, 4, 6. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ಆಚೆ ಕಡೆ ನಾಲ್ಕು ಕೂತು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಮುಗಿಯಿತು, ಗೇರ್ ಬದಲಾಯಿತು. ಆದರೆ ನಾಲ್ಕು ಕಾಯುತ್ತಿರುವಾಗ ನೀವು ದಿಢೀರನೆ ಎರಡು ಕೇಳಿದರೆ? ಅದು ನಾಲ್ಕನ್ನು ಬಿಡಿಸಿ, ಎರಡನ್ನು ಹಾಕಿ, ಆಮೇಲೆ ಕ್ಲಚ್ ಬದಲಿಸಬೇಕು. ಓವರ್‌ಟೇಕ್‌ನ ಆ ತಡ ಇದೇ. ರಿಪೇರಿ ಮಾಡಲು ಅಲ್ಲಿ ಏನೂ ಇಲ್ಲ. ಈಗ ಮುಂದಿನ ಗಾಡಿ ಹತ್ತಿರವಾಗುತ್ತಿದ್ದಂತೆ ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್‌ನಿಂದ ನಾನೇ ಮೊದಲೇ ಎರಡಕ್ಕೆ ಇಳಿಸಿಕೊಳ್ಳುತ್ತೇನೆ.

ಹೊರಡುವಾಗಿನ ತಡಕ್ಕೆ ಕಾರಣ ಬೇರೆ. ಪ್ಲೇಟುಗಳು ಸವೆದಂತೆ ಕ್ಲಚ್ ಹಿಡಿಯುವ ಜಾಗ ಸರಿಯುತ್ತದೆ. ಕಂಪ್ಯೂಟರ್ ಹಳೆಯ ಲೆಕ್ಕದಲ್ಲೇ ಇದ್ದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತದೆ. ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ. ಆಯಿಲ್ ಮಟ್ಟವನ್ನು ಕಂಪನಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು, ತಣ್ಣಗಿದ್ದಾಗ ನೋಡಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಸ್ಕ್ಯಾನರ್ ಹಾಕಿ ಅಡಾಪ್ಟೇಶನ್ ಮಾಡಿಸಿದೆ, ಅಂದರೆ ಹಿಡಿಯುವ ಜಾಗವನ್ನು ಹೊಸದಾಗಿ ಕಲಿಸುವುದು. ಮೊದಲ ಸಲ ಅರ್ಧಕ್ಕೇ ನಿಂತಿತು. ಆಯಿಲ್ ಇನ್ನೂ ಬಿಸಿಯಾಗಿರಲಿಲ್ಲ, ನನ್ನದೇ ಅವಸರ. ಎರಡನೇ ಸಲ ಸರಿಯಾಯಿತು. ಆ ಹಾರುವ ಚಾಳಿ ಅವತ್ತೇ ನಿಂತಿತು.

ಉಳಿದದ್ದು 'ಧಡ್'. ಅದು ನನ್ನನ್ನು ಚೆನ್ನಾಗಿ ಆಟ ಆಡಿಸಿತು. ನನ್ನ ಕಾರಿನಲ್ಲಿ ರಿವರ್ಸ್ ಕೂಡ ಒಂದನೇ ಗೇರಿನ ಕ್ಲಚ್ ಕಡೆಗೇ ಇದೆ (ಎಲ್ಲ ಕಾರಿನಲ್ಲೂ ಹೀಗಿರಲ್ಲ). ಸದ್ದು ಬರುವುದು ಆ ಎರಡರಲ್ಲೇ. ಅಂದರೆ ಆ ಕ್ಲಚ್ಚೇ ಕೆಟ್ಟಿದೆ, ಗ್ಯಾರೇಜಿನವರು ಹೇಳಿದ್ದೇ ಸರಿ ಅಂತ ನಾನೂ ಒಪ್ಪಿಕೊಳ್ಳುವುದರಲ್ಲಿದ್ದೆ. ನೋಟ್‌ಬುಕ್ ತೆಗೆದು ನೋಡಿದರೆ ಮೂರು, ಐದು, ಏಳು ಬೆಣ್ಣೆಯಂತೆ ಬೀಳುತ್ತಿವೆ. ಅದೇ ಕ್ಲಚ್, ಅಲ್ವಾ? ಕ್ಲಚ್ ಹಾಳಾಗಿದ್ದರೆ ಅಲ್ಲೂ ಏನಾದರೂ ಗೊತ್ತಾಗಬೇಕಿತ್ತು.

ಹಾಗಾದರೆ ಒಂದಕ್ಕೂ ರಿವರ್ಸ್‌ಗೂ ಇನ್ನೇನು ಸಮಾನ? ಎರಡೂ ತೀರಾ ಕೆಳಗಿನ ಅನುಪಾತದ ಗೇರುಗಳು. ಇಂಜಿನ್ ಎಳೆತವನ್ನು ಎಲ್ಲಕ್ಕಿಂತ ಜಾಸ್ತಿ ಮಾಡಿ ಚಕ್ರಕ್ಕೆ ಕೊಡುತ್ತವೆ. ಆ ಎಳೆತಕ್ಕೆ ಎದುರಾಗಿ ಇಂಜಿನ್ನು, ಗೇರ್‌ಬಾಕ್ಸು ಎರಡೂ ತಿರುಚಿಕೊಳ್ಳುತ್ತವೆ. ಅವನ್ನು ತಡೆದು ಹಿಡಿಯುವುದು ಮೌಂಟಿನ (ಕಾರಿನ ಚೌಕಟ್ಟಿಗೆ ಅವನ್ನು ಕೂರಿಸುವ ಬ್ರಾಕೆಟ್) ರಬ್ಬರ್.

ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು, ತಮ್ಮನನ್ನು ಬ್ರೇಕ್ ತುಳಿದು ಕೂರಿಸಿದೆ. ನಾನು ಕಾರಿನ ಪಕ್ಕದಲ್ಲಿ ನಿಂತೆ. ಮುಂದೆಯೋ ಹಿಂದೆಯೋ ನಿಲ್ಲಬೇಡಿ, ದಯವಿಟ್ಟು. "ಡಿ ಹಾಕೋ, ಈಗ ರಿವರ್ಸ್ ಹಾಕೋ" ಅಂದೆ. ಪ್ರತಿ ಸಲವೂ ಇಂಜಿನ್ ಒಂದು ಹೆಬ್ಬೆರಳಿನಷ್ಟು ಎದ್ದು ಕೂರುತ್ತಿತ್ತು. ಕೆಳಗಿನಿಂದ ಟಾರ್ಚ್ ಹಾಕಿ ನೋಡಿದರೆ ಗೇರ್‌ಬಾಕ್ಸ್ ಮೌಂಟಿನ ರಬ್ಬರ್ ಅರ್ಧ ಹರಿದಿತ್ತು.

ಮೌಂಟ್ ಬದಲಿಸಿದೆ, ಸದ್ದು ಹೋಯಿತು. ಕ್ಲಚ್ ಪ್ಯಾಕ್ ಇನ್ನೂ ಹಳೆಯದೇ. ಬೆಳಗ್ಗೆ ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹೋಗುವಾಗ ಸ್ವಲ್ಪ ಒರಟು ಅನಿಸುತ್ತದೆ. ಆಯಿಲ್ ಬಿಸಿಯಾದರೆ ಅದೂ ಇರಲ್ಲ, ಹಾಗಾಗಿ ಅದರ ತಂಟೆಗೆ ಹೋಗಿಲ್ಲ.