ಮುಚ್ಚಿದ ಬೆಟ್ಟದ ಮನೆಯನ್ನು ಒಣಗಿಸಿದ ಬಗೆ

ನಮ್ಮ ಪಾಲಿಗೆ ಬಂದ ಬೆಟ್ಟದ ಮೇಲಿನ ಹಳೆಯ ವಿಹಾರದ ಮನೆಯನ್ನು ದುರಸ್ತಿ ಮಾಡಲು ಹೊರಟಾಗ ನಾನು ಕೈಹಾಕಿದ ಮೊದಲ ಕೆಲಸವೇ ತಪ್ಪಾಗಿತ್ತು: ಒಳಗೋಡೆಗಳಿಗೆ ಬಣ್ಣ ಹೊಡೆಸಿದೆ. ಮರುವರ್ಷ ಬೀಗ ತೆಗೆದಾಗ ಆ ಬಣ್ಣ ಪೊರೆಪೊರೆಯಾಗಿ ಸುಲಿದು ನೆಲಕ್ಕೆ ಉದುರಿತ್ತು. ಅದರ ಹಿಂದೆ ಗೋಡೆಯಿಂದ ಬಿಳಿಯ ಉಪ್ಪು ಒಸರಿತ್ತು. ವಿಹಾರದ ಮನೆ ವರ್ಷದ ಬಹುಪಾಲು ಮುಚ್ಚಿರುತ್ತದೆ, ಒಲೆ ಉರಿಯುವುದಿಲ್ಲ, ಗಾಳಿ ಆಡುವುದಿಲ್ಲ. ಆದ್ದರಿಂದ ಒಳಹೊಕ್ಕ ತೇವ ಅಲ್ಲಿಯೇ ನೆಲೆನಿಲ್ಲುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗಲೇ.

ಬಳಿಕ ಒಂದಿಡೀ ರಜೆಯನ್ನು ಏನನ್ನೂ ಮುಟ್ಟದೆ, ಮನೆಯನ್ನು ಓದುವುದಕ್ಕೆ ಮೀಸಲಿಟ್ಟೆ. ಕಲ್ಲಿನ ಗೋಡೆಯಲ್ಲಿ ಒಂದೆಡೆ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳದೆ, ನೆಲದಿಂದ ಸೂರಿನವರೆಗೆ ನೇರವಾದ ಸಂದು ಕಾಣುತ್ತಿತ್ತು. ಎಂದರೆ ಮೂಲದಲ್ಲಿ ಎರಡೇ ಕೋಣೆಗಳಿದ್ದು, ಉಳಿದದ್ದು ಆಮೇಲೆ ಸೇರಿತ್ತು. ಹಳೆಯ ಭಾಗದ ಮೊಳೆಗಳು ತಗಡಿನಿಂದ ಕತ್ತರಿಸಿದ ಚಪ್ಪಟೆ ಮೊಳೆಗಳು, ಜಗಲಿಯವು ತಂತಿಯ ದುಂಡು ಮೊಳೆಗಳು. ತಂತಿಯ ಮೊಳೆ 19ನೆಯ ಶತಮಾನದ ಕೊನೆಯ ಹೊತ್ತಿಗೆ ಎಲ್ಲೆಡೆ ಹಬ್ಬಿದ್ದರಿಂದ ಜಗಲಿ ಅದರ ನಂತರದ್ದೆಂದು ಊಹಿಸಿದೆ. ಹಳೆಯ ಮೊಳೆಗಳನ್ನು ಕಿತ್ತು ಮತ್ತೆ ಬಳಸುವುದು ರೂಢಿಯಾದ್ದರಿಂದ ಮೊಳೆಯೊಂದನ್ನೇ ನಂಬಿ ಕಾಲ ನಿರ್ಣಯಿಸುವುದು ಸರಿಯಲ್ಲ. ಆದರೆ ಇಲ್ಲಿ ಸಂದು, ಮೊಳೆ, ಮರದ ಗರಗಸದ ಗುರುತು ಮೂರೂ ಒಂದೇ ಮಾತು ಹೇಳುತ್ತಿದ್ದವು. ಕಿಟಕಿಯ ಅಲೆಅಲೆಯಾದ ಗಾಜನ್ನು ಕಂಡು, ಗಾಜು ಕಾಲಕ್ರಮದಲ್ಲಿ ಕೆಳಗಿಳಿದು ಹೀಗಾಗಿದೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅದು ನಿಜವಲ್ಲ, ಆ ಅಲೆ ಗಾಜನ್ನು ತಯಾರಿಸಿದಾಗಲೇ ಮೂಡಿದ್ದು.

ತೇವದ ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಹಿಂದಿನವರ ದುರಸ್ತಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಯಾರೋ ಹೊರಗಿನಿಂದ ಗಟ್ಟಿ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಸುಣ್ಣದ ಗಾರೆ ನೀರನ್ನು ಹೀರಿಕೊಂಡರೂ ಬಿಸಿಲು ಬಂದಾಗ ಹೊರಗೆ ಬಿಟ್ಟುಬಿಡುತ್ತದೆ. ಸಿಮೆಂಟಾದರೋ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಳಗೆ ಬಂದ ನೀರು ಮರಳಿ ಹೋಗಲು ಬಿಡದೆ, ಅದನ್ನು ಗೋಡೆಯಲ್ಲಿ ಹುದುಗಿದ ತೊಲೆಗಳ ತುದಿಗೆ ತಳ್ಳುತ್ತದೆ. ಕಾಪಾಡಲೆಂದು ಮಾಡಿದ ಕೆಲಸವೇ ಮನೆಯನ್ನು ಕೊಳೆಸಿತ್ತು.

ಹೀಗಾಗಿ ಕೆಲಸದ ಕ್ರಮ ಬದಲಾಯಿತು. ಮೊದಲು ಚಾವಣಿ ಮತ್ತು ಮಳೆನೀರು ಹರಿದುಹೋಗುವ ಸೂರಿನ ದೋಣಿ. ನಂತರ, ಇಳಿಜಾರಿನ ಮೇಲ್ಬದಿಯಲ್ಲಿ ವರ್ಷಗಳಿಂದ ಗೋಡೆಗೆ ಒರಗಿ ರಾಶಿಬಿದ್ದಿದ್ದ ಮಣ್ಣನ್ನು ತೆಗೆದು, ಬೆಟ್ಟದ ನೀರು ಮನೆಯನ್ನು ಬಳಸಿಕೊಂಡು ಹೋಗುವಂತೆ ಕಾಲುವೆ. ಹಣ ಹೋದದ್ದು ಇಲ್ಲಿಯೇ, ಕಣ್ಣಿಗೆ ಕಾಣದ್ದೂ ಇದೇ. ಸಿಮೆಂಟನ್ನು ಉಳಿಯಿಂದ ಕೈಯಲ್ಲೇ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬತ್ತಲೆಯಾಗಿ ಬಿಟ್ಟೆವು. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಿಲಾವು ತೆಳುವಾದ ಪದರಗಳಲ್ಲಿ ಏರಿತು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಅವಸರ ಮಾಡುವಂತಿಲ್ಲ; ಒದ್ದೆ ಗೋಣಿ ಹೊದಿಸಿ, ಬಿಸಿಲಿಗೂ ಮಳೆಗೂ ಮರೆಮಾಡಿ, ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಕೆಲಸ ನಿಲ್ಲಿಸಬೇಕಾಯಿತು.

ತೊಲೆಗಳನ್ನು ಪೂರ್ತಿ ಬದಲಿಸಿಬಿಡಿ ಎಂಬ ಸಲಹೆ ಬಂದಿತ್ತು. ಆದರೆ ಕೊಳೆತದ್ದು ಗೋಡೆಯೊಳಗಿನ ತುದಿ ಮಾತ್ರ. ಅದನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಮರವನ್ನು ಕೂಡಿಸಿದ ಬಡಗಿಯ ಕೈಚಳಕದಿಂದ ಉಳಿದ ಭಾಗವೆಲ್ಲ ಉಳಿಯಿತು. ಹೊಸ ತುಂಡಿಗೆ ಹಳೆಯ ಬಣ್ಣ ಬಳಿಯಲಿಲ್ಲ. ಜಗಲಿ ಮೂಲದ್ದಲ್ಲವೆಂದು ಕೆಡವಲು ಮನೆಯಲ್ಲಿ ಕೆಲವರು ಒತ್ತಾಯಿಸಿದಾಗ ನಾನು ಒಪ್ಪಲಿಲ್ಲ. ಸ್ಮಾರಕಗಳ ಸಂರಕ್ಷಣೆಗಾಗಿ ರೂಪುಗೊಂಡ 1964ರ ವೆನಿಸ್ ಸನ್ನದು ಕಟ್ಟಡಕ್ಕೆ ಎಲ್ಲ ಕಾಲಗಳವರೂ ನೀಡಿದ ನ್ಯಾಯವಾದ ಕೊಡುಗೆಯನ್ನು ಗೌರವಿಸಬೇಕೆನ್ನುತ್ತದೆ. ನಮ್ಮದು ಸ್ಮಾರಕವೇನಲ್ಲ, ಆದರೂ ಆ ಮಾತು ಜಗಲಿಗೆ ಹೊಂದುತ್ತಿತ್ತು. ಸಿಮೆಂಟನ್ನು ಕಿತ್ತ ನಾನು ಜಗಲಿಯನ್ನು ಉಳಿಸಿದ್ದೇಕೆ ಎಂದು ಕೇಳಿದವರಿಗೆ, ಜಗಲಿ ಮಳೆಯನ್ನು ಗೋಡೆಯಿಂದ ದೂರವಿಡುತ್ತದೆ ಎಂಬ ಉತ್ತರವೂ ನನ್ನ ಬಳಿ ಇತ್ತು.

ಈಗ ಬೀಗ ಹಾಕುವಾಗ ಒಳಬಾಗಿಲುಗಳನ್ನು ತೆರೆದೇ ಇಡುತ್ತೇವೆ, ಹೊಗೆಗೂಡಿನ ಬಾಯನ್ನು ಮುಚ್ಚುವುದಿಲ್ಲ, ಬೀರುಗಳನ್ನು ಗೋಡೆಯಿಂದ ಒಂದು ಗೇಣು ಸರಿಸುತ್ತೇವೆ. ಪ್ರತಿ ಬಾರಿ ಹೋದಾಗ ತೊಲೆಯ ತುದಿಗೆ ತೇವಮಾಪಕ ಚುಚ್ಚಿ ನೋಡುತ್ತೇನೆ; ಮರದ ತೇವಾಂಶ ಶೇಕಡಾ 20ರ ಆಚೆ ಬಹುಕಾಲ ನಿಂತರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಮೂರು ತೊಲೆಗಳು ಆ ಗೆರೆಯ ಕೆಳಗಿವೆ. ಉತ್ತರದ ಮೂಲೆಯದು ಇನ್ನೂ ಗೆರೆಯ ಮೇಲೆಯೇ ಇದ್ದು, ಬರುವ ಬೇಸಿಗೆಯಲ್ಲಿ ಅಲ್ಲಿನ ದೋಣಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಬೇಕಾಗಿದೆ.