ವಾಸವಿರುವ ಜೋಡಿಮನೆಗಳ ದುರಸ್ತಿ: ಕಾಸರಗೋಡಿನ ಲಕ್ಷಂವೀಡುಗಳಿಗೊಂದು ಕ್ರಮ

ಕೇರಳದಲ್ಲಿ 1972ರಲ್ಲಿ, ಆಗಿನ ವಸತಿ ಸಚಿವ ಎಂ. ಎನ್. ಗೋವಿಂದನ್ ನಾಯರ್ ಅವರ ಮುಂದಾಳುತನದಲ್ಲಿ ಬಡವರಿಗಾಗಿ ಆರಂಭವಾದ ಲಕ್ಷಂವೀಡು (ಲಕ್ಷ ಮನೆ) ಯೋಜನೆಯ ಮನೆಗಳಲ್ಲಿ ಹಲವು, ಒಂದೇ ಮಾಡಿನ ಕೆಳಗೆ ನಡುಗೋಡೆಯ ಆಚೀಚೆ ಎರಡು ಸಂಸಾರಗಳು ಬಾಳುವ ಜೋಡಿಮನೆಗಳು. ಬೇರೆಡೆ ಬಾಡಿಗೆ ಕೊಟ್ಟು ಇರಲು ಇವರಲ್ಲಿ ಹೆಚ್ಚಿನವರಿಗೆ ಶಕ್ತಿಯಿಲ್ಲದ ಕಾರಣ ಅವರು ಒಳಗಿರುವಾಗಲೇ ದುರಸ್ತಿ ನಡೆಯಬೇಕಾಗುತ್ತದೆ. ಆದ್ದರಿಂದ ಮೇಸ್ತ್ರಿಯ ಅನುಕೂಲಕ್ಕಿಂತ ಮನೆಯವರ ದಿನಚರಿಯನ್ನು ನೋಡಿ ಕೆಲಸದ ಕ್ರಮವನ್ನು ನಿಶ್ಚಯಿಸಬೇಕು.

ಮೊದಲು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಬೇಕು. ಒಬ್ಬರಿಗೆ ಹಣ ಮಂಜೂರಾಗಿ ಇನ್ನೊಬ್ಬರಿಗೆ ಆಗದಿದ್ದಾಗ, ಮಂಜೂರಾದವರು ತಮ್ಮ ಅರ್ಧವನ್ನು ಕೆಡವಿದರೆ ಉಳಿದ ಅರ್ಧದ ಮಾಡು ಆಧಾರ ಕಳೆದುಕೊಳ್ಳುತ್ತದೆ, ಒಳಗೋಡೆಯಾಗಿದ್ದದ್ದು ಮಳೆಗೆ ಒಡ್ಡಿದ ಹೊರಗೋಡೆಯಾಗುತ್ತದೆ. ಇದು ನೆರೆಯವರಿಗೆ ಮಾಡುವ ದೊಡ್ಡ ಅನ್ಯಾಯ. ನಡುಗೋಡೆಯನ್ನು ಪೂರ್ತಿಯಾಗಿ ಉಳಿಯುವ ಮನೆಗೇ ಬಿಟ್ಟು, ಅದರ ಮೇಲೆ ಕೂತಿರುವ ಮಾಡಿನ ಮರದ ತೊಲೆಗಳಿಗೆ ಆಧಾರ ಕೊಟ್ಟು, ಹೊಸ ಗೋಡೆಯನ್ನು ಬೇರೆಯಾಗಿಯೇ ಕಟ್ಟಬೇಕು. ಈ ಒಪ್ಪಂದವನ್ನು ಸಹಿ ಹಾಕುವವರು ಓದಬಲ್ಲ ಭಾಷೆಯಲ್ಲಿ ಬರೆಯಿರಿ. ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನೂ ಇಲ್ಲಿನ ಕನ್ನಡಿಗರು ಬಿಟ್ಟುಕೊಡಬಾರದು.

ಮಾಡಿನ ಕೆಲಸ ದೀಪಾವಳಿಯ ನಂತರ ಆರಂಭವಾಗಿ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುನ್ನ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನದೊಳಗೆ, ಮುಗಿಯಬೇಕು. ಸಂಜೆಯೊಳಗೆ ಮತ್ತೆ ಮುಚ್ಚಲಾಗುವಷ್ಟೇ ಹಂಚನ್ನು ಆಯಾ ದಿನ ತೆಗೆಯಬೇಕು, ಅದನ್ನೂ ಎರಡು ಇಳಿಜಾರುಗಳಿಂದ ಸಮನಾಗಿ ತೆಗೆಯಬೇಕು. ಒಂದೇ ಬದಿ ಬರಿದಾದರೆ ಭಾರ ಓರೆಯಾಗಿ ಹಳೆಯ ಪಕ್ಕಾಸುಗಳು (ಹಂಚಿನ ಭಾರ ಹೊರುವ ಓರೆ ಮರಗಳು) ಜಾರಬಹುದು. ಗೆದ್ದಲು ತಿಂದ ಪಕ್ಕಾಸುಗಳನ್ನು ಒಂದೊಂದಾಗಿ ಬದಲಿಸಿ. ಬೆರಳಿನಿಂದ ತಟ್ಟಿದಾಗ ಸ್ಪಷ್ಟ ನಾದ ಕೊಡುವ ಹಂಚುಗಳನ್ನು ಎತ್ತಿಡಿ. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂಡದೆ ಸೋರುವುದರಿಂದ, ಒಂದು ಇಳಿಜಾರಿಗೆ ಒಂದೇ ಅಚ್ಚಿನ ಹಂಚು ಹಾಕುವುದು ಕ್ಷೇಮ. ಅಡುಗೆಮನೆಗೆ ಆಸ್‌ಬೆಸ್ಟಾಸ್ ಶೀಟು ಇದ್ದರೆ ನೀರು ಚಿಮುಕಿಸಿ, ಒಡೆಯದೆ ಇಳಿಸಿ. ಆ ಹೊತ್ತಿಗೆ ಮಕ್ಕಳು ಹತ್ತಿರ ಇರಕೂಡದು.

ಒಳಗೆ ಒಂದು ಸಲಕ್ಕೆ ಒಂದೇ ಕೋಣೆಯನ್ನು ಹಿಡಿಯಿರಿ. ಸಿಮೆಂಟಿನ ನೆಲವನ್ನು ಕನಿಷ್ಠ ಒಂದು ವಾರ ತೇವವಾಗಿಡಬೇಕಾದ್ದರಿಂದ ಅಷ್ಟು ದಿನ ಮಲಗಲು ಬೇರೆ ಜಾಗ ಮೊದಲೇ ಸಿದ್ಧವಿರಬೇಕು. ಹೊಸ ಕಕ್ಕೂಸು ಬಳಕೆಗೆ ಬರುವ ತನಕ ಹಳೆಯದನ್ನು ಮುಟ್ಟಬೇಡಿ. ಬೀಡಿ ಕಟ್ಟಿ ಬದುಕುವ ಹೆಂಗಸರಿರುವ ಮನೆಯಲ್ಲಿ ಎಲೆಗೂ ಹೊಗೆಸೊಪ್ಪಿಗೂ ಸಿಮೆಂಟಿನ ಧೂಳು, ತೇವ ತಾಗದ ಮೂಲೆಯೊಂದನ್ನು ಕೊನೆಯವರೆಗೂ ಬಿಟ್ಟುಕೊಡಬೇಕು, ಏಕೆಂದರೆ ಆ ಮೂಲೆ ಹೋದ ದಿನ ಅವರ ಕೂಲಿಯೂ ಹೋಗುತ್ತದೆ. ವಿದ್ಯುತ್ ತಂತಿಗಳನ್ನು ಬದಲಿಸುವ ಮೊದಲೇ ವಿದ್ಯುತ್ ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿ ಸಾಧನವನ್ನು ಅಳವಡಿಸಿ. ಒದ್ದೆ ಗೋಡೆಯ ನಡುವೆ ಓಡಾಡುವ ಮಕ್ಕಳಿಗೂ ಕೆಲಸಗಾರರಿಗೂ ಅದೇ ರಕ್ಷಣೆ.

ಗೋಡೆಯ ಸಾರಣೆಯನ್ನು ಕೊನೆಗಿಡಿ. ಕೆಂಪುಕಲ್ಲು ನೆಲದಿಂದ ನೀರನ್ನು ಹೀರುತ್ತದೆ. ಆ ತೇವ ಹೊರಹೋಗಲು ಬಿಡದ ಗಟ್ಟಿ ಸಿಮೆಂಟ್ ಸಾರಣೆ ಕೆಲವೇ ಮಳೆಗಾಲಗಳಲ್ಲಿ ಉಬ್ಬಿ ಕಳಚುವುದರಿಂದ ಸುಣ್ಣದ ಗಾರೆ ಮೇಲು. ಅದಕ್ಕೂ ಮುನ್ನ ಗೋಡೆಯ ಬುಡದ ಮಣ್ಣನ್ನು ತಗ್ಗಿಸಿ, ಮಾಡಿನ ನೀರು ಅಡಿಪಾಯದಿಂದ ದೂರ ಹರಿಯುವಂತೆ ಚರಂಡಿ ಮಾಡಿ, ಒಂದು ಬೇಸಗೆಯ ಬಿಸಿಲಿಗೆ ಗೋಡೆ ಒಣಗಲು ಬಿಡಿ.